ಒಂದು ಜಿಲ್ಲೆಯ ಪಾಲುಪಟ್ಟಿ

ಅವಿಭಕ್ತ ಕುಟುಂಬವೊಂದು ಪಾಲಾಗುವಾಗ ನಮ್ಮ ಹಳ್ಳಿಗಳಲ್ಲಿ ನಡೆಯುವ ಕ್ರಮವನ್ನು ವಾಚಕರೆಲ್ಲರೂ ಬಲ್ಲರು. ಊರಿನ ನಾಲ್ಕು ಮಂದಿ ಹಿರಿಯರು ಜಗುಲಿಯ ಮೇಲೆ ಕೂಡುವರು, ಹೊಲಗದ್ದೆಗಳನ್ನು ಮಣ್ಣಿನ ಗುಣ ನೋಡಿ ಸರಿಕಟ್ಟುವರು, ಪಾತ್ರೆಪದಾರ್ಥಗಳನ್ನು ಎಣಿಸುವರು, ಸಾಲವಿದ್ದರೆ ಅದನ್ನೂ ಹಂಚುವರು. ಕಡೆಗೆ ಬಾವಿ, ದೇವರ ಮನೆ, ಹೊಲಕ್ಕೆ ಹೋಗುವ ಬಂಡಿಯ ದಾರಿ, ಇವು ಎಲ್ಲರಿಗೂ ಸಮಾನವೆಂದು ಬರೆದು ಪಾರೀಖತ್ತಿಗೆ ರುಜು ಹಾಕಿಸುವರು. ಮುಂದೆ ಏಳುವ ವ್ಯಾಜ್ಯಗಳಲ್ಲಿ ಬಹುಭಾಗ ಹೀಗೆ ಸಮಾನವೆಂದು ಬರೆದವುಗಳ ವಿಷಯದಲ್ಲಿಯೇ ಹುಟ್ಟುವುದೆಂಬುದು ಹಿರಿಯರಿಗೂ ತಿಳಿದ ಸಂಗತಿಯೇ. ಜಿಲ್ಲೆಗಳೂ ಪುರಸಭೆಗಳೂ ಪಾಲಾಗುವ ರೀತಿ ಇದಕ್ಕಿಂತ ಬಹಳ ಬೇರೆಯಲ್ಲ.

ಬೆಂಗಳೂರಿನ ನೈಋತ್ಯಕ್ಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಪಟ್ಟಣಗಳಿರುವುವು. 1985ರಲ್ಲಿ ಈ ತಾಲ್ಲೂಕುಗಳ ಯಾವುದಾದರೊಂದು ಹಳ್ಳಿಯಲ್ಲಿ ಹುಟ್ಟಿ ಅಲ್ಲಿಯೇ ನೆಲೆಸಿದವನು ತನ್ನ ಮನೆಯ ಹೊಸ್ತಿಲನ್ನು ಬಿಟ್ಟು ಕದಲದೆಯೇ ನಾಲ್ಕು ಜಿಲ್ಲೆಗಳ ಹೆಸರನ್ನು ಬರೆದಂತಾಯಿತು. ಹುಟ್ಟಿದಾಗ ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಇದರಲ್ಲಿ ಲಾಭವೆಷ್ಟು, ತೊಡಕೆಷ್ಟು, ಹಂಚಿಕೆಯಾಗದೆ ಉಳಿದದ್ದು ಯಾವುದು ಎಂಬುದನ್ನು ಒಂದಿಷ್ಟು ವಿಚಾರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಮೊದಲು ಭೂಮಿಯ ಆಕಾರವನ್ನು ನೋಡೋಣ. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ನಗರ ಜಿಲ್ಲೆ, ಗ್ರಾಮಾಂತರ ಜಿಲ್ಲೆ ಎಂದು ಎರಡಾಗಿ ಮಾಡಿದಾಗ ಗ್ರಾಮಾಂತರಕ್ಕೆ ಎಂಟು ತಾಲ್ಲೂಕುಗಳು ಬಂದುವು. ಉತ್ತರದ ಕಡೆಗೆ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ. ದಕ್ಷಿಣ-ಪಶ್ಚಿಮದ ಕಡೆಗೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ. ನಡುವೆ ನಗರವು ಕುಳಿತಿತ್ತು. ಅದನ್ನು ಈ ಎಂಟು ತಾಲ್ಲೂಕುಗಳು ಬಳೆಯಂತೆ ಸುತ್ತಿಕೊಂಡಿದ್ದುವು. ಆನೇಕಲ್ಲು ನಗರದ ಪಾಲಿಗೆ ಹೋದುದರಿಂದ ಬಳೆಯು ಆಗ್ನೇಯದಲ್ಲಿ ಒಡೆದಿತ್ತೆಂಬುದೊಂದು ವಿಶೇಷ. ಕನಕಪುರದವನು ಹೊಸಕೋಟೆಗೆ ಹೋಗಬೇಕಾದರೆ ಬೆಂಗಳೂರನ್ನು ಹಾದೇ ಹೋಗಬೇಕು. ಹೀಗಿದ್ದ ಮೇಲೆ ಗ್ರಾಮಾಂತರ ಜಿಲ್ಲೆಯ ಮುಖ್ಯ ಕಚೇರಿಗಳನ್ನು ಬೆಂಗಳೂರು ನಗರದಲ್ಲಿಯೇ ಇಟ್ಟುಕೊಂಡದ್ದು ಒಂದು ರೀತಿಯಲ್ಲಿ ಸಹಜವೇ ಆಗಿತ್ತು. ಬಳೆಗೆ ಕೇಂದ್ರವೆಂಬುದು ಬಳೆಯ ಹೊರಗೇ ಇರುವುದಷ್ಟೆ! ಆದರೆ ತನ್ನ ಮುಖ್ಯ ಪಟ್ಟಣವು ತನ್ನ ಎಲ್ಲೆಯೊಳಗೇ ಇಲ್ಲದ ಜಿಲ್ಲೆಯೆಂದರೆ ಯಜಮಾನನು ಪಕ್ಕದ ಮನೆಯಲ್ಲಿ ವಾಸಮಾಡುವ ಸಂಸಾರದಂತೆಯೇ ಸರಿ.

ಅಂದಿನ ರೈತನ ಪಾಡನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಕನಕಪುರದಿಂದ ದಕ್ಷಿಣಕ್ಕೆ, ಕಾವೇರಿ ಅರ್ಕಾವತಿಗಳು ಕೂಡುವ ಸಂಗಮದ ಹತ್ತಿರದ ಹಳ್ಳಿಯವನಿಗೆ ತಾಲ್ಲೂಕು ಕಚೇರಿಯೇ ಸುಮಾರು 35 ಕಿಲೋಮೀಟರು. ಅಲ್ಲಿಂದ ಬೆಂಗಳೂರು ಮತ್ತೆ ಸುಮಾರು 55. ಜಮೀನಿನ ಮೇಲ್ಮನವಿಯೊಂದು ಜಿಲ್ಲಾಧಿಕಾರಿಗಳ ಮುಂದೆ ಇದ್ದರೆ ಬುತ್ತಿ ಕಟ್ಟಿಕೊಂಡು ಕೋಳಿ ಕೂಗುವ ಹೊತ್ತಿಗೆ ಹೊರಡಬೇಕು; ಮಹಾನಗರದ ಜನಜಂಗುಳಿಯಲ್ಲಿ ಕಚೇರಿಯನ್ನು ಹುಡುಕಬೇಕು; ಸಾಹೇಬರು ಅಂದು ಸಭೆಗೆ ಹೋಗಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಕು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಒಂದು ಊಟ, ಇಷ್ಟೂ ಒಂದು ಕಾಗದದ ಮೇಲೆ ಬೀಳಬೇಕಾದ ಮೊಹರಿಗಾಗಿ. ಜಿಲ್ಲೆಯನ್ನು ಒಡೆಯಬೇಕೆಂಬ ಬೇಡಿಕೆಯು ಎಲ್ಲಿ ಹುಟ್ಟಿದರೂ ಅದರ ಬೇರು ಇಂತಹ ಒಂದು ದಿನದ ಪ್ರಯಾಣದಲ್ಲಿರುವುದೇ ಹೊರತು ವೇದಿಕೆಯ ಭಾಷಣಗಳಲ್ಲಿಲ್ಲ.

2007ನೆಯ ಇಸವಿ ಆಗಸ್ಟ್ 23ರಂದು ಆ ಬೇಡಿಕೆಯು ಸಫಲವಾಯಿತು. ಅಂದಿನ ಮುಖ್ಯಮಂತ್ರಿಗಳಾದ ಎಚ್. ಡಿ. ಕುಮಾರಸ್ವಾಮಿಯವರು ರಾಮನಗರ ಕ್ಷೇತ್ರದ ಶಾಸಕರೂ ಆಗಿದ್ದರು. ದಕ್ಷಿಣದ ನಾಲ್ಕು ತಾಲ್ಲೂಕುಗಳು ರಾಮನಗರ ಜಿಲ್ಲೆಯಾದುವು; ಉತ್ತರದ ನಾಲ್ಕು ಹಳೆಯ ಹೆಸರಿನಲ್ಲಿಯೇ ಉಳಿದುವು. ಅದೇ ಸಮಯದಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರವನ್ನೂ ಮಾಡಿದರು. ಪಾಲಿನ ಲೆಕ್ಕವು ವಿನೋದವಾಗಿದೆ. ಸುಮಾರು 5,800 ಚದರ ಕಿಲೋಮೀಟರಿನಲ್ಲಿ ಹೊಸ ಜಿಲ್ಲೆಗೆ ಸುಮಾರು 3,550 ಬಂದು, ಮೂಲ ಜಿಲ್ಲೆಗೆ ಸುಮಾರು 2,260 ಮಾತ್ರ ಉಳಿಯಿತು. 2001ರ ಜನಗಣತಿಯ ಪ್ರಕಾರ ಒಟ್ಟು ಜನಸಂಖ್ಯೆ 18,81,514. ಅದರಲ್ಲಿ ಈ ನಾಲ್ಕು ತಾಲ್ಲೂಕುಗಳವರು 10,30,546. ಮನೆ ಬಿಟ್ಟು ಹೋದ ತಮ್ಮನಿಗೆ ದೊಡ್ಡ ಪಾಲು, ಹಳೆಯ ಮನೆಯಲ್ಲಿ ಉಳಿದ ಅಣ್ಣನಿಗೆ ಚಿಕ್ಕ ಪಾಲು ಬಂದಂತಾಯಿತು. ಅಣ್ಣನಾದರೋ ಪಾಲಾದ ಮೇಲೆಯೂ ಅನೇಕ ವರ್ಷಗಳ ಕಾಲ ತನ್ನ ಕಚೇರಿಯನ್ನು ಬೆಂಗಳೂರಿನಲ್ಲಿಯೇ ಇಟ್ಟುಕೊಂಡಿದ್ದು, ಬಳಿಕ ದೇವನಹಳ್ಳಿ ದೊಡ್ಡಬಳ್ಳಾಪುರಗಳ ನಡುವಣ ಬೀರಸಂದ್ರದಲ್ಲಿ ಸ್ವಂತ ಕಟ್ಟಡವನ್ನು ಕಟ್ಟಿಕೊಂಡನು.

ಹೊಸ ಜಿಲ್ಲೆಗೆ ರಾಮನಗರವನ್ನೇ ಮುಖ್ಯ ಪಟ್ಟಣವನ್ನಾಗಿ ಆರಿಸಿದ್ದನ್ನು ಚನ್ನಪಟ್ಟಣದ ಹಳಬರು ಹೇಗೆ ಸಹಿಸಿದರೋ ತಿಳಿಯದು! ಚರಿತ್ರೆಯನ್ನು ನೋಡಿದರೆ ಚನ್ನಪಟ್ಟಣವೇ ಹಿರಿದು. ಅದು ಜಗದೇವರಾಯನ ರಾಜಧಾನಿಯಾಗಿದ್ದು 1630ರಲ್ಲಿ ಮೈಸೂರು ಅರಸರ ವಶವಾಯಿತು. ರಾಮನಗರವಾದರೋ 1800ರ ಸುಮಾರಿಗೆ, ಕಾಡುಗುಡ್ಡಗಳ ನಡುವೆ ಹಾದುಹೋಗುವ ರಾಜಮಾರ್ಗಕ್ಕೆ ಭದ್ರತೆಯಿರಲೆಂದು ದಿವಾನ್ ಪೂರ್ಣಯ್ಯನವರು ನೆಲೆಗೊಳಿಸಿದ ಪೇಟೆ. ಆಗ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳು ಒಂಬತ್ತು; ಕ್ಲೋಸ್‌ಪೇಟೆಯು ಅವುಗಳಲ್ಲೊಂದಾಗಿರದೆ ಚನ್ನಪಟ್ಟಣ ತಾಲ್ಲೂಕಿನ ಒಂದು ಉಪತಾಲ್ಲೂಕಾಗಿದ್ದಿತು. ಒಂದು ಕಾಲಕ್ಕೆ ಚನ್ನಪಟ್ಟಣದ ಅಧೀನದಲ್ಲಿದ್ದ ಪೇಟೆಯು ಪ್ರತ್ಯೇಕವಾಗಿ ತಾಲ್ಲೂಕಾಗಿ, ಕೆಂಗಲ್ ಹನುಮಂತಯ್ಯನವರ ಪ್ರಯತ್ನದಿಂದ ರಾಮನಗರವೆಂಬ ಹೆಸರನ್ನು ಪಡೆದು, ಕಡೆಗೆ ಚನ್ನಪಟ್ಟಣಕ್ಕೇ ಜಿಲ್ಲಾಸ್ಥಾನವಾಯಿತು. ಮೊದಲು ಪಾಲಾದವರು ಮುಂದೆ ಯಜಮಾನರಾಗಬಹುದೆಂಬುದಕ್ಕೆ ಇದೊಂದು ನಿದರ್ಶನ.

ಮಾಗಡಿಯ ಕಥೆ ಇನ್ನೂ ಬೇರೆ. 1638ರಲ್ಲಿ ಬಿಜಾಪುರದ ಸೈನ್ಯವು ಬೆಂಗಳೂರನ್ನು ಹಿಡಿದುಕೊಂಡ ಬಳಿಕ ಕೆಂಪೇಗೌಡರ ವಂಶದವರು ಮಾಗಡಿಯನ್ನು ನೆಲೆಯನ್ನಾಗಿ ಮಾಡಿಕೊಂಡು, ಸಾವನದುರ್ಗದ ಬಂಡೆಯನ್ನು ಕೋಟೆಯನ್ನಾಗಿ ನಂಬಿ, 1728ರಲ್ಲಿ ಮೈಸೂರಿನವರು ಗೆಲ್ಲುವವರೆಗೆ ಅಲ್ಲಿಯೇ ಆಳಿದರು. ಆದಕಾರಣ ಬೆಂಗಳೂರು ಯಾರದೆಂಬ ಮಾತು ಬಂದಾಗ ಮಾಗಡಿಯವರು, ಅದು ತಮ್ಮ ಹಿರಿಯರು ಕಟ್ಟಿ ಕಳೆದುಕೊಂಡ ಊರೆಂದು ಹೇಳಿಕೊಳ್ಳುವುದುಂಟು. ಕನಕಪುರವು ಹಿಂದೆ ಕಾನಕಾನಹಳ್ಳಿಯೆಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಊರು. ರೇಷ್ಮೆಯೂ ಕಲ್ಲೂ ಅದರ ಜೀವಾಳ.

ಈ ನಾಲ್ಕು ಊರುಗಳನ್ನು ಒಂದು ಜಿಲ್ಲೆಯೆಂದು ಭೂಪಟದಲ್ಲಿ ಬಣ್ಣ ಬಳಿದರೂ ನೆಲದ ಮೇಲಿನ ದಾರಿಗಳು ಬೇರೊಂದು ಕಥೆಯನ್ನು ಹೇಳುವುವು. ಬೆಂಗಳೂರಿನಿಂದ ಮೂರು ದೊಡ್ಡ ರಸ್ತೆಗಳು ಈ ಕಡೆಗೆ ಬಿಚ್ಚಿಕೊಳ್ಳುತ್ತವೆ: ಒಂದು ಮಾಗಡಿಗೆ, ಒಂದು ಬಿಡದಿ, ರಾಮನಗರ, ಚನ್ನಪಟ್ಟಣಗಳ ಮೂಲಕ ಮೈಸೂರಿಗೆ, ಇನ್ನೊಂದು ಹಾರೋಹಳ್ಳಿಯ ಮೇಲೆ ಕನಕಪುರಕ್ಕೆ. ಬಂಡಿಯ ಚಕ್ರದ ಅರೆಕಾಲುಗಳಂತೆ ಮೂರೂ ಬೆಂಗಳೂರೆಂಬ ಗುಂಭದಲ್ಲಿ ಕೂಡುವುವು. ರೈಲು ನಡುವಣ ದಾರಿಯನ್ನು ಮಾತ್ರ ಹಿಡಿಯಿತು. 1880ರ ದಶಕದ ಆರಂಭದಲ್ಲಿ ಮೈಸೂರಿನ ರೈಲು ಬಂದಂದಿನಿಂದ ರಾಮನಗರ ಚನ್ನಪಟ್ಟಣಗಳಿಗೆ ಒಂದು ಅನುಕೂಲವುಂಟಾಗಿ, ಮಾಗಡಿ ಕನಕಪುರಗಳಿಗೆ ಅದು ಇಲ್ಲವಾಯಿತು. ಚನ್ನಪಟ್ಟಣದಿಂದ ರಾಮನಗರಕ್ಕೆ ಹನ್ನೆರಡು ಕಿಲೋಮೀಟರು. ಬೆಳಗಿನ ಕಾಫಿ ಕುಡಿದು ಹೋಗಿ ಊಟದ ಹೊತ್ತಿಗೆ ಹಿಂದಿರುಗಬಹುದು. ಕನಕಪುರದಿಂದಲೂ ಮಾಗಡಿಯಿಂದಲೂ ಅಡ್ಡದಾರಿಯಲ್ಲಿ ಬರಬೇಕು. ದೂರವು ಬೆಂಗಳೂರಿಗಿಂತ ಕಡಮೆಯೇ. ಆದರೆ ಮಾಗಡಿಯ ಗೃಹಸ್ಥನಿಗೆ ಮಗಳ ಮದುವೆಯ ಜವಳಿ, ಮಗನ ಕಾಲೇಜು, ಕಣ್ಣಿನ ವೈದ್ಯರು, ಎಲ್ಲವೂ ಬೆಂಗಳೂರಿನಲ್ಲಿಯೇ. ಕಚೇರಿಯ ಕಾಗದ ಒಂದಕ್ಕೆ ಮಾತ್ರ ರಾಮನಗರದ ಕಡೆಗೆ ಮುಖ ಮಾಡಬೇಕು. ಜಿಲ್ಲೆಯನ್ನು ಒಂದು ದಿನದಲ್ಲಿ ಮಾಡಬಹುದು. ಜನರ ಕಾಲು ತಾನಾಗಿ ನಡೆಯುವ ದಾರಿಯನ್ನು ಅಷ್ಟು ಬೇಗ ತಿರುಗಿಸಲಾಗದು.

ಹಾಗೆಂದು ಪಾಲಿನಿಂದ ಪ್ರಯೋಜನವಾಗಲಿಲ್ಲವೆಂದು ನಾವು ಹೇಳುವವರಲ್ಲ. ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ, ಪೊಲೀಸ್ ಸೂಪರಿಂಟೆಂಡೆಂಟರ ಕಚೇರಿ, ಜಿಲ್ಲಾ ಖಜಾನೆ, ಜಿಲ್ಲಾ ಆಸ್ಪತ್ರೆ, ಜಿಲ್ಲಾ ನ್ಯಾಯಾಲಯಗಳು ಒಂದೊಂದಾಗಿ ರಾಮನಗರಕ್ಕೆ ಬಂದುವು. ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ವಕೀಲರನ್ನು ಕಾಣಲು ಬೆಂಗಳೂರಿಗೆ ಹೋಗುತ್ತಿದ್ದವರು ಈಗ ತಮ್ಮ ಗುರುತಿನವರನ್ನೇ ಕಾಣಬಲ್ಲರು. ಜಿಲ್ಲೆಯೊಂದು ಪ್ರತ್ಯೇಕವಾಗಿದ್ದರೆ ಸರ್ಕಾರದ ಪ್ರತಿಯೊಂದು ಯೋಜನೆಯ ಪಟ್ಟಿಯಲ್ಲಿಯೂ ಅದಕ್ಕೊಂದು ಸಾಲು ತೆರೆಯುವುದು; ಎಂಟು ತಾಲ್ಲೂಕುಗಳ ಗುಂಪಿನಲ್ಲಿ ಕಡೆಯದಾಗಿದ್ದ ಊರು ನಾಲ್ಕರಲ್ಲಿ ಒಂದಾಗುವುದು. ಇದು ಸಣ್ಣ ಲಾಭವಲ್ಲ. ತಾಲ್ಲೂಕುಗಳೂ ಬಳಿಕ ನಾಲ್ಕರಲ್ಲಿ ನಿಲ್ಲಲಿಲ್ಲ. ಕನಕಪುರವು ತಾನೇ ಪಾಲಾಗಿ ಹಾರೋಹಳ್ಳಿಯು ಐದನೆಯ ತಾಲ್ಲೂಕಾಯಿತು.

ಆದರೆ ಒಂದು ಅಂಕಿಯನ್ನು ವಾಚಕರು ಗಮನಿಸಬೇಕು. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ, ಅಂದರೆ ನೂರಕ್ಕೆ 47ರಂತೆ, ಏರಿತು. ಗ್ರಾಮಾಂತರದಲ್ಲಿ ಉಳಿದ ನಾಲ್ಕು ತಾಲ್ಲೂಕುಗಳವರು ನೂರಕ್ಕೆ 16ರಂತೆ ಹೆಚ್ಚಿದರು. ರಾಮನಗರ ಜಿಲ್ಲೆಯವರು ಮಾತ್ರ 10,30,546ರಿಂದ 10,82,636ಕ್ಕೆ, ನೂರಕ್ಕೆ ಕೇವಲ 5ರಂತೆ. ಒಂದೇ ನೆರೆಯಲ್ಲಿ ಇಷ್ಟು ಅಂತರವುಂಟಾದುದಕ್ಕೆ ಮಕ್ಕಳು ಹುಟ್ಟುವುದು ಕಡಮೆಯಾದುದೊಂದೇ ಕಾರಣವಾಗಲಾರದು. ಬೆಳೆದ ಮಕ್ಕಳು ಕೆಲಸ ಹುಡುಕಿಕೊಂಡು ನಗರಕ್ಕೆ ಹೋದುದೂ ಕಾರಣವೆಂದು ಎಣಿಸಬೇಕಾಗಿದೆ. ಹಳ್ಳಿಗಳಲ್ಲಿ ಹಿಪ್ಪುನೇರಳೆಯ ಸೊಪ್ಪು ಕತ್ತರಿಸಿ ಹುಳುವಿಗೆ ಹಾಕುವ ಕೈಗಳು ಹೆಚ್ಚಾಗಿ ವಯಸ್ಸಾದವರವು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು; ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ತುಂಬಿಕೊಂಡು ಬರುವ ರೈತನ ಮಗ ಮುಂದೆಯೂ ಗೂಡು ತರುವನೋ ಇಲ್ಲವೋ ಎಂಬುದನ್ನು ಜಿಲ್ಲೆಯ ಹೆಸರಾಗಲಿ ಕಚೇರಿಯ ಕಟ್ಟಡವಾಗಲಿ ನಿಶ್ಚಯಿಸಲಾರದು.

ಪಾಲು ಮಾಡಿಕೊಂಡವರೊಳಗೇ ಮತ್ತೆ ಪಾಲಿನ ಮಾತು ಹುಟ್ಟುವುದೂ ಲೋಕಸಹಜ. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವನ್ನು ರಾಮನಗರದಲ್ಲಿ ನೆಲೆಗೊಳಿಸುವ ಯೋಜನೆಯು ಜಿಲ್ಲೆಯಷ್ಟೇ ವಯಸ್ಸಿನದು. ಅದು ಭೂಮಿಯ ವ್ಯಾಜ್ಯಗಳಲ್ಲಿ ವರ್ಷಗಟ್ಟಲೆ ನಿಂತಿತು. 2023ರಲ್ಲಿ ವೈದ್ಯಕೀಯ ಕಾಲೇಜು ರಾಮನಗರಕ್ಕೆ ಸಲ್ಲಬೇಕೋ ಕನಕಪುರಕ್ಕೆ ಸಲ್ಲಬೇಕೋ ಎಂಬ ವಾದವು ಬಲವಾಗಿ, ರಾಮನಗರದಲ್ಲಿ ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸುವವರೆಗೆ ಹೋಯಿತು. ಬೆಂಗಳೂರಿನೊಡನೆ ಇದ್ದಾಗ ಇಬ್ಬರೂ ಸೇರಿ ಬೆಂಗಳೂರನ್ನು ದೂರುತ್ತಿದ್ದರು.

ಇನ್ನು ಪುರಸಭೆಗಳ ವಿಷಯ. ಗೃಹಸ್ಥನಿಗೆ ಜಿಲ್ಲೆಗಿಂತ ಹತ್ತಿರವಾದುದು ಪುರಸಭೆ; ನಲ್ಲಿಯ ನೀರು, ಬೀದಿಯ ದೀಪ, ಚರಂಡಿ, ಮನೆಯ ಕಂದಾಯ, ಜನನಮರಣಗಳ ನೋಂದಣಿ, ಎಲ್ಲವೂ ಅದರದೇ. ಸಂವಿಧಾನಕ್ಕೆ 74ನೆಯ ತಿದ್ದುಪಡಿಯಾಗಿ 1993ರಲ್ಲಿ ಅದು ಜಾರಿಗೆ ಬಂದ ಮೇಲೆ ಈ ಸಂಸ್ಥೆಗಳಿಗೆ ಒಂದು ಭದ್ರವಾದ ಸ್ಥಾನವುಂಟಾಯಿತು. ನಮ್ಮ ರಾಜ್ಯದ 1964ರ ಕಾಯಿದೆಯ ಪ್ರಕಾರ ಹತ್ತು ಸಾವಿರದ ಮೇಲಿನ ಊರು ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರದ ಮೇಲೆ ಪುರಸಭೆ, ಐವತ್ತು ಸಾವಿರದ ಮೇಲೆ ನಗರಸಭೆ, ಮೂರು ಲಕ್ಷದ ಮೇಲೆ ಮಹಾನಗರಪಾಲಿಕೆ. 2011ರಲ್ಲಿ ರಾಮನಗರಕ್ಕೆ ಸುಮಾರು 95 ಸಾವಿರ, ಚನ್ನಪಟ್ಟಣಕ್ಕೆ 72 ಸಾವಿರ, ಕನಕಪುರಕ್ಕೆ 54 ಸಾವಿರ ಜನ, ಮೂರೂ ನಗರಸಭೆಗಳು. ಸುಮಾರು 27 ಸಾವಿರದ ಮಾಗಡಿಯದು ಪುರಸಭೆ. ಕಾರ್ಖಾನೆಗಳಿಂದ ಬೆಳೆದ ಬಿಡದಿಯೂ ಪಂಚಾಯಿತಿಯ ಹಂತವನ್ನು ದಾಟಿ ಪುರಸಭೆಯಾಯಿತು. ರಾಮನಗರ ಚನ್ನಪಟ್ಟಣಗಳಿಗೆ ನಗರಾಭಿವೃದ್ಧಿ ಪ್ರಾಧಿಕಾರವೇನೋ ಒಂದೇ. ಆದರೆ ಎರಡನ್ನು ಕೂಡಿಸಿದರೂ ಆ ಲೆಕ್ಕದಲ್ಲಿ ಒಂದು ಲಕ್ಷ ಅರುವತ್ತೇಳು ಸಾವಿರವೇ ಆಗುವುದರಿಂದ ಮಹಾನಗರದ ಮಾತು ಸಲ್ಲುವುದಿಲ್ಲ. ಕೂಡಬಾರದೆಂಬ ಛಲವೂ ಎರಡು ಊರುಗಳಲ್ಲಿ ಇಲ್ಲದಿಲ್ಲ.

ಕೂಡುವುದಕ್ಕೂ ಒಡೆಯುವುದಕ್ಕೂ ಬೆಂಗಳೂರಿನಷ್ಟು ಅಭ್ಯಾಸವಾದ ಊರು ಬೇರೊಂದಿಲ್ಲ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮ್ಯುನಿಸಿಪಾಲಿಟಿಗಳು ಅಲ್ಲಿ ಹುಟ್ಟಿದುವು. 1949ರಲ್ಲಿ ಎರಡನ್ನೂ ಕೂಡಿಸಿ ಒಂದು ಕಾರ್ಪೊರೇಷನ್ನನ್ನು ಮಾಡಿದರು. ರಾಮನಗರವು ಬೇರೆಯಾದ 2007ನೆಯ ವರ್ಷದಲ್ಲಿಯೇ ಬೆಂಗಳೂರು ತನ್ನ ಸುತ್ತಲಿನ ಏಳು ನಗರಸಭೆಗಳನ್ನೂ ಕೆಂಗೇರಿಯ ಪುರಸಭೆಯನ್ನೂ 110 ಹಳ್ಳಿಗಳನ್ನೂ ತನ್ನೊಳಗೆ ಸೇರಿಸಿಕೊಂಡು ಬೃಹತ್ ಪಾಲಿಕೆಯಾಯಿತು. ಹದಿನೆಂಟು ವರ್ಷಗಳ ಮೇಲೆ, ಇಷ್ಟು ದೊಡ್ಡ ಸಂಸಾರವನ್ನು ಒಬ್ಬ ಯಜಮಾನ ನೋಡಿಕೊಳ್ಳಲಾರನೆಂದು, 2024ರ ಹೊಸ ಕಾಯಿದೆಯ ಮೇರೆಗೆ 2025ರ ಸೆಪ್ಟೆಂಬರ್ 2ರಂದು ಅದನ್ನು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳನ್ನಾಗಿ ಒಡೆದರು, ಮೇಲೊಂದು ಪ್ರಾಧಿಕಾರವನ್ನಿಟ್ಟರು. ಇದರಲ್ಲಿ ನಮಗೆ ಹಿತವಾಗದ ಸಂಗತಿಯೊಂದುಂಟು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಬಳಿಕ ಆ ಪಾಲಿಕೆಗೆ ಚುನಾವಣೆಯೇ ನಡೆದಿರಲಿಲ್ಲ. ಒಡೆಯುವುದು ಒಳ್ಳೆಯದೇ ಇರಬಹುದು. ಆದರೆ ಪಾಲುಪಟ್ಟಿಯನ್ನು ಬರೆದ ದಿನ ಮನೆಯವರ ಪರವಾಗಿ ಮಾತನಾಡತಕ್ಕ ಸದಸ್ಯನೊಬ್ಬನೂ ಜಗುಲಿಯ ಮೇಲೆ ಇರಲಿಲ್ಲ. ಜಿಲ್ಲೆಯ ಎಲ್ಲೆಯನ್ನು ಬದಲಾಯಿಸಬೇಕಾದರೆ ಮೊದಲು ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕೇಳಬೇಕೆಂದು ಭೂಕಂದಾಯದ ಕಾಯಿದೆಯು ವಿಧಿಸಿರುವುದು. ಆ ಕರಡು ರಾಜ್ಯಪತ್ರದಲ್ಲಿ ಪ್ರಕಟವಾಗುವುದು. ಅದನ್ನು ತರಿಸಿ ಓದುವ ಗೃಹಸ್ಥರು ಎಷ್ಟು ಮಂದಿ?

ಈಗ ಬಾವಿಯ ವಿಷಯಕ್ಕೆ ಬರೋಣ. ಏತಕ್ಕೆಂದರೆ ಎಲ್ಲ ಪಾಲುಗಳಲ್ಲಿಯೂ ತೊಡಕಾಗಿ ಉಳಿಯುವುದು ಅದೇ. ಈ ಸೀಮೆಯ ಬಾವಿಯೆಂದರೆ ಅರ್ಕಾವತಿ ನದಿ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಸೀಮೆಯನ್ನು ಹಾದು, ಹೆಸರಘಟ್ಟದ ಕೆರೆಯನ್ನು ತುಂಬಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರಗಳ ಮೇಲೆ ಇಳಿದು, ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಹಳೆಯ ಬೆಂಗಳೂರು ಜಿಲ್ಲೆಯಲ್ಲಿ, ನಂದಿಯ ಶಿಖರವನ್ನು ಬಿಟ್ಟರೆ, ಈ ನದಿಯ ಹರಿವು ಬಹುಮಟ್ಟಿಗೆ ಒಂದೇ ಜಿಲ್ಲೆಯೊಳಗಿತ್ತು. 1986ರಲ್ಲಿಯೂ 2007ರಲ್ಲಿಯೂ ಗೆರೆಗಳನ್ನು ಎಳೆದ ಬಳಿಕ ಅದು ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ, ಗ್ರಾಮಾಂತರವನ್ನೂ ನಗರವನ್ನೂ ದಾಟಿ, ನಾಲ್ಕನೆಯ ಜಿಲ್ಲೆಯಲ್ಲಿ ಮುಗಿಯುವ ಹೊಳೆಯಾಯಿತು. ಮೇಲಿನವರು ಕೆರೆಯ ಕಾಲುವೆಗಳನ್ನು ಮುಚ್ಚಿ ಮನೆ ಕಟ್ಟಿದರೆ ಕೆಳಗಿನವರಿಗೆ ನೀರಿಲ್ಲ. ಕೆಳಗಿನವರ ದೂರನ್ನು ಕೇಳತಕ್ಕ ಅಧಿಕಾರಿಯು ಮೇಲಿನವರ ಮೇಲೆ ಅಧಿಕಾರವುಳ್ಳವನಲ್ಲ. ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು 1933ರಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗಾಗಿಯೇ ಕಟ್ಟಿದರು. ಆ ನೀರು ಕಾಲಕ್ರಮದಲ್ಲಿ ಬತ್ತಿಯೂ ಕೆಟ್ಟೂ ಹೋಗಿ, ನಗರವು ಕಾವೇರಿಯ ಕಡೆಗೆ ಕೈಚಾಚಿತು.

ಆ ಕಾವೇರಿಯ ನೀರೂ ಈ ಜಿಲ್ಲೆಯ ಮೇಲೆಯೇ ಹೋಗುವುದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳ ಯಂತ್ರಾಗಾರಗಳು ಮೇಲಕ್ಕೆ ನೂಕಿ, ಕನಕಪುರದ ಹಾದಿಯಲ್ಲಿ ಬೆಂಗಳೂರಿಗೆ ಮುಟ್ಟಿಸುವುವು. ಹೀಗೆ ಒಳ್ಳೆಯ ನೀರು ದೊಡ್ಡ ಕೊಳವೆಗಳಲ್ಲಿ ಊರ ಮುಂದೆ ಹಾದು ನಗರಕ್ಕೆ ಹೋಗುವುದು; ಬಳಸಿದ ನೀರು ವೃಷಭಾವತಿಯ ಹೊಳೆಯಲ್ಲಿ ಹಿಂದಿರುಗುವುದು. ವೃಷಭಾವತಿಯು ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯವಿರುವ ಪುಣ್ಯವಾಹಿನಿ. ಅದು ನಗರದ ಕೊಳೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಬಿಡದಿಯ ಬಳಿಯ ಭೈರಮಂಗಲದ ಕೆರೆಗೆ ಬಂದು, ಅಲ್ಲಿಂದ ಮುಂದೆ ಅರ್ಕಾವತಿಯನ್ನು ಸೇರುವುದು. ಒಂದು ಕಾಲಕ್ಕೆ ಬೇಸಾಯಕ್ಕೆಂದು ಕಟ್ಟಿದ ಆ ಕೆರೆಯ ಕೋಡಿಯಲ್ಲಿ ನೊರೆ ಏಳುವುದನ್ನು ಕಂಡವರಿಗೆ, ಅದರ ಕೆಳಗಿನ ರೈತನು ಏನನ್ನು ಬೆಳೆದು ಯಾರಿಗೆ ಮಾರಬೇಕೆಂಬ ಚಿಂತೆ ಹುಟ್ಟದಿರಲಾರದು. ಅವನು ಬೆಳೆದ ಸೊಪ್ಪುತರಕಾರಿಗಳಿಗೆ ಹತ್ತಿರದ ಮಾರುಕಟ್ಟೆ ಬೆಂಗಳೂರೇ; ನಗರದ ಗೃಹಿಣಿಯು ಚೌಕಾಸಿ ಮಾಡಿ ಕೊಳ್ಳುವ ದಂಟಿನಲ್ಲಿ ಅವಳ ಮನೆಯ ಬಚ್ಚಲೇ ಹಿಂದಿರುಗಿ ಬಂದಿರಬಹುದು. ಪಾಲುಪಟ್ಟಿಯಲ್ಲಿ ಈ ಹೊಳೆಯ ಮಾತನ್ನು ಮೊದಲು ಬರೆಯಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ. ಕಚೇರಿ, ಕುರ್ಚಿ, ಮೇಜುಗಳ ಹಂಚಿಕೆಯನ್ನು ಆಮೇಲೆ ಮಾಡಬಹುದಾಗಿತ್ತು.

ಕಡೆಯದು ಹೆಸರು. 2024ರ ಜುಲೈ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸಚಿವಸಂಪುಟವು ಒಪ್ಪಿತು. 2025ರ ಮೇ 22ರಂದು ಅದು ಅಂತಿಮವಾಗಿ ತೀರ್ಮಾನವಾಯಿತು. ರಾಮನಗರವು ಊರಾಗಿಯೂ ತಾಲ್ಲೂಕಾಗಿಯೂ ಜಿಲ್ಲಾಸ್ಥಾನವಾಗಿಯೂ ತನ್ನ ಹೆಸರಿನಲ್ಲಿಯೇ ಇರುವುದು. ಜಿಲ್ಲೆಗೆ ಮಾತ್ರ ಬೇರೆ ಹೆಸರು. ಇದನ್ನು ಮುಂದಾಗಿ ನಿಂತು ಮಾಡಿಸಿದವರು ಕನಕಪುರದ ಶಾಸಕರಾದ ಡಿ. ಕೆ. ಶಿವಕುಮಾರ್ ಅವರು, ಬಲವಾಗಿ ವಿರೋಧಿಸಿದವರು 2007ರಲ್ಲಿ ಜಿಲ್ಲೆಯನ್ನು ಮಾಡಿದ ಕುಮಾರಸ್ವಾಮಿಯವರು. ಈ ವಾದದಲ್ಲಿ ಪಕ್ಷ ವಹಿಸುವುದು ನಮ್ಮ ಕೆಲಸವಲ್ಲ. ಬೆಂಗಳೂರೆಂಬ ಹೆಸರಿಗೆ ಲೋಕದಲ್ಲಿ ಬೆಲೆಯಿರುವುದು, ಆ ಹೆಸರಿದ್ದರೆ ಉದ್ಯಮಗಳು ಬರುವುವು, ನಾವು ಮೊದಲಿನಿಂದಲೂ ಬೆಂಗಳೂರು ಜಿಲ್ಲೆಯವರೇ ಎಂಬುದು ಒಂದು ಕಡೆಯವರ ಮಾತು. ಭೂಮಿಯ ಬೆಲೆ ಏರಿದರೆ ಮಾರುವವನಿಗೆ ಲಾಭ, ಉಳುವವನಿಗೇನು ಎಂಬುದು ಇನ್ನೊಂದು ಕಡೆಯವರದು. ಎರಡರಲ್ಲಿಯೂ ಸತ್ಯವಿದೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಿಗಳ ಬೊಂಬೆಯು ಮಾತ್ರ ಜಿಲ್ಲೆಯ ಹೆಸರನ್ನು ನಂಬಿಕೊಂಡುದಲ್ಲ. ಅದಕ್ಕೆ ಊರಿನ ಹೆಸರೇ ಭೌಗೋಳಿಕ ಗುರುತಾಗಿ ಕಾನೂನಿನಲ್ಲಿ ದಾಖಲೆಯಾಗಿದೆ. ಅವರಿಗೆ ಪೆಟ್ಟು ಬಿದ್ದುದು ಬೇರೊಂದು ಕಡೆಯಿಂದ: 2023ರ ಮಾರ್ಚಿಯಲ್ಲಿ ಮೈಸೂರಿನ ಹೊಸ ಹೆದ್ದಾರಿಯು ಊರನ್ನು ಬಳಸಿ ಹೋದ ಮೇಲೆ ಹಳೆಯ ರಸ್ತೆಯ ಬದಿಯ ಬೊಂಬೆಯಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಮೆಯಾಯಿತು.

ಹೆಸರಿನ ತೊಡಕೊಂದನ್ನು ಮಾತ್ರ ಹೇಳಿಬಿಡುವೆವು. ಬೆಂಗಳೂರು ದಕ್ಷಿಣವೆಂದರೆ ಈಗ ಒಂದು ಜಿಲ್ಲೆ. ಅದೇ ಹೆಸರಿನ ತಾಲ್ಲೂಕೊಂದು ಬೆಂಗಳೂರು ನಗರ ಜಿಲ್ಲೆಯಲ್ಲಿರುವುದು. ಅದೇ ಹೆಸರಿನ ಪಾಲಿಕೆಯೊಂದು 2025ರಲ್ಲಿಯೇ ಹುಟ್ಟಿತು. ಅದೇ ಹೆಸರಿನ ಲೋಕಸಭಾ ಕ್ಷೇತ್ರವೊಂದಿದ್ದು ಅದರಲ್ಲಿ ಈ ನಾಲ್ಕು ಊರುಗಳಲ್ಲಿ ಒಂದೂ ಸೇರಿಲ್ಲ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರವು ಆ ಲೋಕಸಭಾ ಕ್ಷೇತ್ರಕ್ಕೆ ಸೇರದೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೊಡನೆ ಬೆಂಗಳೂರು ಗ್ರಾಮಾಂತರವೆಂಬ ಲೋಕಸಭಾ ಕ್ಷೇತ್ರದಲ್ಲಿರುವುದು. ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದರೋ ಆ ಗ್ರಾಮಾಂತರ ಕ್ಷೇತ್ರದಲ್ಲಿಲ್ಲ! ಒಂದೇ ಮನೆಯಲ್ಲಿ ಐದು ಮಂದಿಗೆ ಅಜ್ಜನ ಹೆಸರನ್ನೇ ಇಟ್ಟರೆ ಕರೆದಾಗ ಯಾರು ಓಗೊಡಬೇಕೆಂಬುದು ತಿಳಿಯುವುದು ಹೇಗೆ?

ಆದಕಾರಣ ಈ ಸೀಮೆಯ ಗೃಹಸ್ಥರು ಕೆಲವು ಕಾಲ ಎಚ್ಚರದಿಂದಿರುವುದು ಲೇಸು. ಜಿಲ್ಲೆಯ ಹೆಸರು ಬದಲಾದ ಮಾತ್ರಕ್ಕೆ ಹಳೆಯ ಕ್ರಯಪತ್ರ, ಖಾತೆ, ಜನನಪತ್ರಗಳು ಅಸಿಂಧುವಾಗುವುದಿಲ್ಲ. ಅವನ್ನು ತಿದ್ದಿಸಿಕೊಡುವೆವೆಂದು ಹಣ ಕೇಳುವ ಮಧ್ಯಸ್ಥರನ್ನು ನಂಬಬಾರದು. ಹೊಸ ಅರ್ಜಿಗಳಲ್ಲಿ ಜಿಲ್ಲೆಯ ಹೆಸರಿನೊಡನೆ ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ತಪ್ಪದೆ ಬರೆಯಬೇಕು. ಕಾಗದ ಹಾಕುವವರು ಊರಿನ ಹೆಸರಿನ ಮುಂದೆ ಅಂಚೆಯ ಸಂಖ್ಯೆಯನ್ನು ಬರೆದರೆ ಸಾಕು, ತಲುಪುವುದು: ರಾಮನಗರಕ್ಕೆ 562159, ಚನ್ನಪಟ್ಟಣಕ್ಕೆ 562160, ಕನಕಪುರಕ್ಕೆ 562117, ಮಾಗಡಿಗೆ 562120.